ಕೋಪನ್‌ಹೇಗನ್ನಿಗೆ ಬರುವ ತಂಗಿಗೆ

ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ನೀನು ಎಂದೇ ಬರೆಯುತ್ತೇನೆ. ವಿಕಿರಣ ವಸ್ತುವನ್ನು ದೇಹದೊಳಗೆ ಕಳಿಸಿ ರೋಗ ಪತ್ತೆ ಮಾಡುವ ನ್ಯೂಕ್ಲಿಯರ್ ಮೆಡಿಸಿನ್ ಸಂಶೋಧನೆಗೆ ಸೆಪ್ಟೆಂಬರಿನಲ್ಲಿ ಡೆನ್ಮಾರ್ಕಿಗೆ ಬರುತ್ತಿದ್ದೀಯ. ಬಾಡಿಗೆ, ಚಳಿ, ಊಟ ಎಲ್ಲ ವಿಚಾರಿಸಿ ಕೊನೆಗೊಂದು ಸಾಲು ಸೇರಿಸಿದ್ದೀಯ: ‘ಅಷ್ಟು ಚಿಕ್ಕ ದೇಶದಲ್ಲಿ ಈ ವಿದ್ಯೆ ಏನಿದೆ ಎಂದು ಅಪ್ಪ ಕೇಳುತ್ತಿದ್ದಾರೆ.’

ಬಾಡಿಗೆ ದುಬಾರಿ, ಹೊರಡುವ ಮುನ್ನವೇ ಕೋಣೆ ಗೊತ್ತು ಮಾಡಿಕೋ. ಚಳಿಗಿಂತ ಕತ್ತಲೆ ಕಷ್ಟ, ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆ ದಾಟಿದರೆ ಸೂರ್ಯನಿಲ್ಲ. ಅಕ್ಕಿ ಬೇಳೆ ಸಿಗುತ್ತವೆ. ಸಾರಿನ ಪುಡಿ ಮಾತ್ರ ಅಮ್ಮನ ಕೈಯದ್ದೇ ತಾ.

ಅಪ್ಪನಿಗೆ ರಸಾಯನವಿಜ್ಞಾನಿ ಜಾರ್ಜ್ ಡೆ ಹೆವೆಶಿಯ ಕಥೆ ಹೇಳು. ಹಂಗೇರಿಯವರು, ನಮ್ಮ ಹಾಗೆ ಹೊರಗಿನಿಂದ ಬಂದವರು. 1911ರಲ್ಲಿ ಮ್ಯಾಂಚೆಸ್ಟರಿನಲ್ಲಿದ್ದಾಗ, ಮನೆಯೊಡತಿ ತಟ್ಟೆಯಲ್ಲಿ ಉಳಿದ ಮಾಂಸವನ್ನೇ ಮತ್ತೆ ಬಡಿಸುತ್ತಾಳೆ ಎಂಬ ಗುಮಾನಿ ಅವರಿಗೆ. ಉಳಿದ ಊಟಕ್ಕೆ ಚಿಟಿಕೆ ವಿಕಿರಣ ವಸ್ತು ಬೆರೆಸಿದರು. ಮುಂದೆ ಬಡಿಸಿದ ಖಾದ್ಯದಲ್ಲಿ ಉಪಕರಣ ಅದನ್ನು ಹಿಡಿದುಕೊಟ್ಟಿತು. (ನಿನ್ನೆಯ ಅನ್ನ ಇವತ್ತು ಚಿತ್ರಾನ್ನವಾಗುವ ಮನೆಯಲ್ಲಿ ಬೆಳೆದ ನನಗೆ ಆ ಹೆಂಗಸಿನ ಮೇಲೇ ಕನಿಕರ.) 1920ರಲ್ಲಿ ಭೌತವಿಜ್ಞಾನಿ ನೀಲ್ಸ್ ಬೋರ್ ಅವರನ್ನು ಸೇರಲು ಕೋಪನ್‌ಹೇಗನ್ನಿಗೆ ಬಂದರು. ಅದೇ ಉಪಾಯವನ್ನು 1923ರಲ್ಲಿ ಅವರೆಗಿಡದ ಜಾತಿಯ ಸಸಿಗಳ ಮೇಲೆ ಪ್ರಯೋಗಿಸಿ, ಬೇರು ಹೀರಿದ ಸೀಸ ಎಲ್ಲಿಗೆ ಹೋಗುತ್ತದೆಂದು ಹುಡುಕಿದರು. 1935ರಲ್ಲಿ ಇಲಿಗಳಿಗೆ ವಿಕಿರಣ ರಂಜಕ ತಿನ್ನಿಸಿ, ಮೂಳೆಯೊಳಗಿನ ರಂಜಕವೂ ದಿನವೂ ಹೋಗಿ ಬರುತ್ತಿರುತ್ತದೆ ಎಂದು ತೋರಿಸಿದರು. ಆ ವರ್ಷ ಬೋರ್ ಅವರಿಗೆ 50 ತುಂಬಿದಾಗ ಜನ ಚಂದಾ ಎತ್ತಿ ಕೊಟ್ಟ ಉಡುಗೊರೆ ಏನು ಗೊತ್ತೆ? 600 ಮಿಲಿಗ್ರಾಂ ರೇಡಿಯಂ! ಹೆವೆಶಿಯ ಮುಂದಿನ ಪ್ರಯೋಗಗಳಿಗೆ ಬಂಡವಾಳ ಅದೇ. 1943ರ ರಸಾಯನಶಾಸ್ತ್ರದ ನೊಬೆಲ್ ಅವರದು. ಆಮೇಲೆ ಇಲ್ಲಿಯ ವೈದ್ಯ ನೀಲ್ಸ್ ಲಾಸೆನ್, ವಿಕಿರಣ ಸೂಸುವ ಕ್ಸೆನಾನ್ ಅನಿಲದಿಂದ ಮಿದುಳಿನ ರಕ್ತಸಂಚಾರ ಅಳೆದರು. ಅಣು ವಿದ್ಯುತ್ ಬೇಡವೆಂದು 1985ರಲ್ಲೇ ನಿರ್ಧರಿಸಿದ ದೇಶ ಇದು. ಅಣು ಸಂಶೋಧನೆಯ ರಿಸೊ ಕೇಂದ್ರದ ದೊಡ್ಡ ರಿಯಾಕ್ಟರ್ 2000ದಲ್ಲಿ ನಿಂತಿತು. ಆಸ್ಪತ್ರೆಯ ನೆಲಮಾಳಿಗೆಗಳಲ್ಲಿ ಕೆಲಸ ನಿಂತಿಲ್ಲ.

ಇದೆಲ್ಲ ನಾನು ಓದಿಕೊಂಡೇ ಬಂದಿದ್ದೆ. ಡೇನಿಷ್ ಕಲಿತಿರಲಿಲ್ಲ. ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ರೋಗಿಗಳೊಡನೆ ಮಾತು ನನ್ನ ಕೆಲಸವೂ ಅಲ್ಲ ಎಂದು ಎರಡು ವರ್ಷ ದೂಡಿದೆ. ಒಂದು ದಿನ, ವಿಕಿರಣ ವಸ್ತು ಚುಚ್ಚಿ ಮೂಳೆ ನೋಡುವ ಬೋನ್ ಸ್ಕ್ಯಾನ್‌ಗೆ ಬಂದ ಅಜ್ಜಿಯೊಬ್ಬರಿಗೆ ಕಂಬಳಿ ತರಲು ನರ್ಸ್ ಹೊರಗೆ ಹೋಗಿದ್ದಳು. ಅಜ್ಜಿ ನನ್ನ ತೋಳು ಹಿಡಿದು ಏನೋ ಕೇಳಿದರು. ನೋವಾಗುತ್ತದೆಯೇ ಎಂದು ಕೇಳುತ್ತಿದ್ದಾರೆ ಅಂದುಕೊಂಡು, ನಗುತ್ತಾ ‘ನೈ, ನೈ’ ಎಂದೆ. ಇಲ್ಲ, ಇಲ್ಲ ಎಂದರ್ಥ. ಅವರು ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು.

ಮುಂದಿನ ವಾರ ಮಗಳು ಫೋನ್ ಮಾಡಿದಳು. ಸ್ಕ್ಯಾನ್ ಆದ ಮರುದಿನ ಮೊಮ್ಮಗುವಿಗೆ ಚರ್ಚಿನಲ್ಲಿ ನಾಮಕರಣವಿತ್ತಂತೆ. ಅಮ್ಮ ಕೋಟು ಸಹ ಬಿಚ್ಚದೆ ಕೊನೆಯ ಬೆಂಚಿನಲ್ಲಿ ಕುಳಿತಿದ್ದರು, ಮಗುವನ್ನು ಮುಟ್ಟಲೇ ಇಲ್ಲ, ಇನ್ನೂ ಎಷ್ಟು ದಿನ ಹೀಗೆ ಎಂದು ಕೇಳಿದಳು. ಅಂದು ಅಜ್ಜಿ ನನ್ನನ್ನು ಕೇಳಿದ್ದು, ಮಗುವನ್ನು ಎತ್ತಿಕೊಳ್ಳಬಹುದೇ ಎಂದು. ಸ್ಕ್ಯಾನ್‌ಗೆ ಚುಚ್ಚುವ ವಿಕಿರಣ ವಸ್ತು ಟೆಕ್ನೀಶಿಯಂ ಆರು ಗಂಟೆಗೊಮ್ಮೆ ಅರ್ಧವಾಗುತ್ತದೆ. ಮರುದಿನಕ್ಕೆ ಉಳಿಯುವುದು ಹದಿನಾರರಲ್ಲಿ ಒಂದು ಪಾಲೂ ಇಲ್ಲ. ‘ಎತ್ತಿಕೊಳ್ಳಿ ಅಜ್ಜಿ’ ಎನ್ನುವಷ್ಟು ಲೆಕ್ಕ ನನಗೆ ಬಾಯಿಪಾಠ ಬರುತ್ತಿತ್ತು. ನಾಮಕರಣಕ್ಕೆ ಹೋಗಿ ತೊಟ್ಟಿಲು ಮುಟ್ಟದೆ ಬಂದ ಅಜ್ಜಿ ಎಂದರೆ ಏನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಕ್ಷಮೆ ಕೇಳಿ ಪತ್ರ ಬರೆದೆ, ಇಂಗ್ಲಿಷಿನಲ್ಲಿ, ಕಳುಹಿಸಲು ನಾಚಿಕೆಯಾಯಿತು. ಡೇನಿಷಿನಲ್ಲಿ ಬರೆಯುವಂತಾಗುವಷ್ಟರಲ್ಲಿ ಅವರಿರಲಿಲ್ಲ.

ಬಂದ ಮೊದಲ ವಾರವೇ ಭಾಷಾ ತರಗತಿಗೆ ಸೇರು. ಎಣಿಕೆಯಲ್ಲಿ ಎಡವುತ್ತೀಯ, ಎಪ್ಪತ್ತಕ್ಕೆ ಮೂರೂವರೆ ಇಪ್ಪತ್ತು ಎನ್ನುವ ಜನ ಇವರು. ಸಾರಿನ ಪುಡಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟು, ಇಲ್ಲದಿದ್ದರೆ ಹೊಸ ಸ್ವೆಟರ್ ಎಲ್ಲ ಹಿಂಗಿನ ವಾಸನೆ. ನನ್ನ ಪಾಲಿಗೂ ಕಾಲು ಕೆಜಿ ಇರಲಿ.