ಹಳೇ ಫೋನಿಗೆ ಲಿನೇಜ್ ಓಎಸ್ ಹಾಕಿದ ಮೇಲೆ ಬ್ಯಾಂಕ್ ಆ್ಯಪ್ ಯಾಕೆ ತೆರೆಯುವುದಿಲ್ಲ?

ಲಿನೇಜ್ ಓಎಸ್ ಅಂದರೆ ಕಂಪನಿ ಕೊಟ್ಟ ಓಎಸ್ (ಫೋನನ್ನು ನಡೆಸುವ ಮೂಲ ತಂತ್ರಾಂಶ) ಬದಲು ನಾವೇ ಹಾಕಿಕೊಳ್ಳುವ, ಆಂಡ್ರಾಯ್ಡ್ ಆಧಾರಿತ ಉಚಿತ ಓಎಸ್. ಅದರಲ್ಲಿ ದೋಷವಿದೆ ಎಂದಲ್ಲ. ಅದನ್ನು ಹಾಕಲು ಬೂಟ್‌ಲೋಡರ್‌ನ ಬೀಗ ತೆಗೆದಿದ್ದೀರಲ್ಲ, ಆ್ಯಪ್‌ನ ತಕರಾರು ಅದರ ಮೇಲೆ. ಬೂಟ್‌ಲೋಡರ್ ಅಂದರೆ ಫೋನ್ ಆನ್ ಆದ ಕೂಡಲೇ ಓಡಿ, ಓಎಸ್ಅನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ.

ಬ್ಯಾಂಕ್ ಆ್ಯಪ್ ತೆರೆದೊಡನೆ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಸೇವೆಯನ್ನು 'ಈ ಫೋನನ್ನು ನಂಬಬಹುದೇ?' ಎಂದು ಕೇಳುತ್ತದೆ. ಈಗಿನ ಫೋನ್‌ಗಳಲ್ಲಿ ಅದಕ್ಕೆ ಸಾಕ್ಷಿ ಹೇಳುವುದು ಚಿಪ್. ಬೀಗ ತೆರೆದಿದೆ ಎಂದು ಅದು ತನ್ನೊಳಗಿನ ಗುಪ್ತ ಕೀಲಿಯಿಂದ ಸಹಿ ಹಾಕಿ ತಿಳಿಸುತ್ತದೆ. ಆ ಸಹಿಯನ್ನು ಓಎಸ್ ತಿದ್ದಲಾರದು, ಹಾಗಾಗಿ ಸೆಟ್ಟಿಂಗ್ಸ್ ತಡಕಾಡಿ ಪ್ರಯೋಜನವಿಲ್ಲ. ಆ್ಯಪ್‌ಗಳ ಕಟ್ಟುನಿಟ್ಟು ಮಾತ್ರ ಒಂದೇ ಥರ ಅಲ್ಲ, ಕೆಲವು ತೆರೆಯುತ್ತವೆ.

ಬೀಗ ಮತ್ತೆ ಹಾಕಲು ದಯವಿಟ್ಟು ಹೋಗಬೇಡಿ. ಬಹುಪಾಲು ಮಾಡೆಲ್‌ಗಳಲ್ಲಿ ಹಾಗೆ ಮಾಡಿದರೆ ಫೋನ್ ಏಳುವುದೇ ಇಲ್ಲ.

ಮಲ್ಪೆ ಬಂದರಿನಲ್ಲಿ ಬಂಗುಡೆ ಚೀಲಕ್ಕೆ ಬಿದ್ದ ಮೇಲೆ ಪೇಮೆಂಟ್ ಆಗದಿದ್ದರೆ ಕಷ್ಟ. ಹಣದ ವ್ಯವಹಾರಕ್ಕೆ ಕಂಪನಿಯ ಓಎಸ್ ಇರುವ ಬೇರೊಂದು ಫೋನ್ ಇಟ್ಟುಕೊಳ್ಳಿ. ತುರ್ತಿಗೆ, ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್‌ನಿಂದ *99# ಡಯಲ್ ಮಾಡಿದರೆ ಆ್ಯಪ್ ಇಲ್ಲದೆಯೂ ಯುಪಿಐ ಮೂಲಕ ಹಣ ಕಳಿಸಬಹುದು.