ಅಮ್ಮನ ಕಾಯಿಲೆ ನನಗೂ ಬರುತ್ತಾ?

ಪ್ರಶ್ನೆ: ನನಗೆ 27 ವರ್ಷ, ಮದುವೆಯಾಗಿದೆ. ಅಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ (ಉನ್ಮಾದ) ಏರಿ, ಇನ್ನೊಮ್ಮೆ ಖಿನ್ನತೆಗೆ ಇಳಿಯುವುದು. ನಾನು ಚಿಕ್ಕವಳಿದ್ದಾಗ ಮೂರು ಮೂರು ರಾತ್ರಿ ನಿದ್ದೆಯಿಲ್ಲದೆ ಬೀರುವಿನ ಬಟ್ಟೆಯೆಲ್ಲ ಕೆಳಗೆ ಸುರಿದು ಮತ್ತೆ ಮತ್ತೆ ಮಡಚುತ್ತಿದ್ದರು. ಆಮೇಲೆ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಈಗ ಒಂದು ರಾತ್ರಿ ನನಗೆ ನಿದ್ದೆ ಬರದಿದ್ದರೂ ಭಯವಾಗುತ್ತದೆ. ನನಗೂ ಬರುತ್ತಾ? ಮಗು ಮಾಡಿಕೊಳ್ಳಬಹುದಾ? ಜೀನ್ ಟೆಸ್ಟ್ ಇದೆಯಾ?

ಉತ್ತರ: ಮೊದಲು ಲೆಕ್ಕ ನೋಡೋಣ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಈ ಕಾಯಿಲೆ ಬರುತ್ತದೆ. ಅಪ್ಪ ಅಥವಾ ಅಮ್ಮನಿಗಿದ್ದರೆ ಸುಮಾರು 5ರಿಂದ 10 ಮಂದಿಗೆ. ಜಾಸ್ತಿ ಹೌದು, ಆದರೂ ನಿಮ್ಮಂಥ ನೂರು ಜನರಲ್ಲಿ ಕನಿಷ್ಠ 90 ಮಂದಿಗೆ ಬರುವುದೇ ಇಲ್ಲ, ಅಲ್ವಾ? ಒಂದೇ ಜೀನ್‌ಗಳಿರುವ ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ಬರುತ್ತದೆ ಅಂತಿಲ್ಲ.

ಟೆಸ್ಟ್ ಇಲ್ಲ. ಯಾರಾದರೂ ಇದೆ ಅಂದರೆ ಸುಮ್ನೆ ದುಡ್ಡು ಕೊಡಬೇಡಿ. ಇದಕ್ಕೆಂದೇ ಒಂದು ಜೀನ್ ಇಲ್ಲ. 2025ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ನಮ್ಮ ಡಿಎನ್‌ಎಯಲ್ಲಿ ಇದಕ್ಕೆ ನಂಟಿರುವ 298 ಜಾಗಗಳನ್ನು ಗುರುತಿಸಿತು, ಒಂದೊಂದರ ಪಾಲೂ ತೀರಾ ಚಿಕ್ಕದು.

ಇನ್ನು ನಿದ್ದೆಯ ಮಾತು. ಚಿಂತೆಯಿಂದ ಹೊರಳಾಡಿ ಬೆಳಿಗ್ಗೆ ಸುಸ್ತಾಗಿ ಏಳುವುದು ಎಲ್ಲರಿಗೂ ಆಗುತ್ತದೆ. ಉನ್ಮಾದ ಶುರುವಾಗುವಾಗ ಹಾಗಿರುವುದಿಲ್ಲ, ಎರಡು ಮೂರು ಗಂಟೆ ಮಲಗಿದರೂ ಆಯಾಸವೇ ಗೊತ್ತಾಗುವುದಿಲ್ಲ, ಮಾತು ಓಡುತ್ತದೆ, ತಲೆಯಲ್ಲಿ ಹತ್ತು ಯೋಜನೆ, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಇದು ಕೆಲವು ದಿನ ಬಿಡದೆ ಇದ್ದರೆ ತಡಮಾಡದೆ ಮನೋವೈದ್ಯರನ್ನು ನೋಡಿ. ನಿಮ್ಮಲ್ಲಿ ಈ ಬದಲಾವಣೆ ನಿಮಗಿಂತ ಮೊದಲು ನಿಮ್ಮ ಗಂಡನ ಕಣ್ಣಿಗೆ ಬೀಳಬಹುದು, ಹಾಗಾಗಿ ಅವರಿಗೂ ಇದನ್ನು ಹೇಳಿಟ್ಟಿರಿ.

ಮುಂದೆಂದಾದರೂ ಖಿನ್ನತೆ ಅಂತ ಡಾಕ್ಟರ ಬಳಿ ಹೋದರೆ ಅಮ್ಮನ ವಿಷಯವನ್ನು ಮುಚ್ಚಿಡಬೇಡಿ. ಬೈಪೋಲಾರ್ ಒಲವಿರುವ ಕೆಲವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದ ಕೆರಳಬಹುದು. ಅಮ್ಮನಿಗೆ ಈ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ಚೆನ್ನಾಗಿ ಹಿಡಿಸಿತ್ತಾ ಅನ್ನುವುದೂ ಡಾಕ್ಟರಿಗೆ ಉಪಯೋಗದ ಮಾಹಿತಿ.

ಮಗು? ಖಂಡಿತ ಮಾಡಿಕೊಳ್ಳಬಹುದು. ಕಾಯಿಲೆ ಇರುವುದು ಅಜ್ಜಿಗೆ, ನೀವು ಚೆನ್ನಾಗಿದ್ದೀರಿ, ಹಾಗಾಗಿ ಮಗುವಿಗೆ ಅಪಾಯ ನಿಮಗಿಂತಲೂ ಕಡಿಮೆ. ಒಂದೇ ಒಂದು ಎಚ್ಚರಿಕೆ: ಹೆರಿಗೆಯ ನಂತರದ ಮೊದಲ ವಾರಗಳಲ್ಲಿ ಈ ಕಾಯಿಲೆ ಮೊದಲ ಸಲ ಕಾಣಿಸಿಕೊಳ್ಳುವುದುಂಟು. ಗರ್ಭಿಣಿಯಾದ ಕೂಡಲೇ ನಿಮ್ಮ ಹೆರಿಗೆ ಡಾಕ್ಟರಿಗೆ ಅಮ್ಮನ ಕಾಯಿಲೆಯ ಬಗ್ಗೆ ಹೇಳಿ, ಮಗು ಹುಟ್ಟಿದ ಮೇಲೆ ನಿಮ್ಮ ನಿದ್ದೆ ಕೆಡದಂತೆ ರಾತ್ರಿ ಮಗುವನ್ನು ಎತ್ತಿಕೊಳ್ಳಲು ಇನ್ನೊಬ್ಬರು ಇರುವ ಹಾಗೆ ನೋಡಿಕೊಳ್ಳಿ.