ಓದುಗರ ಪ್ರಶ್ನೆಗೆ ಉತ್ತರ: ಹಳೆಯ ಜಪಾನಿ ಹೋಮ್ ಕಂಪ್ಯೂಟರಿಗೆ ಮತ್ತೆ ಜೀವ

ಪ್ರಶ್ನೆ: ಯೊಕೊಹಾಮಾದಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಅಲ್ಲಿನ ಹಳೆ ಸಾಮಾನಿನ ಅಂಗಡಿಯಿಂದ ಪ್ಯಾನಾಸೋನಿಕ್ ಎಫ್‌ಎಸ್-ಎ1ಡಬ್ಲ್ಯುಎಸ್‌ಎಕ್ಸ್ ಎಂಬ ಎಂಎಸ್‌ಎಕ್ಸ್2+ (ಹಲವು ಕಂಪನಿಗಳು ಒಂದೇ ಮಾನದಂಡದಂತೆ ತಯಾರಿಸಿದ ಬಗೆಯ) ಕಂಪ್ಯೂಟರ್ ತಂದುಕೊಟ್ಟಿದ್ದಾನೆ. ಅದರ ಚೀಟಿಯ ಮೇಲೆ ‘ಜಂಕ್’ ಎಂದು ಬರೆದಿದೆಯಂತೆ. ನಮ್ಮ ಮನೆಯ ಪ್ಲಗ್ಗಿಗೆ ಹಾಕಬಹುದೇ? ಫ್ಲಾಪಿ ಓದುವಂತೆ ಮಾಡಿ, ಮೆಮೊರಿಯನ್ನೂ ಹೆಚ್ಚಿಸಿಕೊಳ್ಳಬೇಕೆಂಬ ಆಸೆಯಿದೆ. ಯಾವುದರಿಂದ ಆರಂಭಿಸಲಿ? – ಓದುಗರು, ತುಮಕೂರು

ಉತ್ತರ: ಮೊದಲಿಗೆ ‘ಜಂಕ್’ ಚೀಟಿಗೆ ಹೆದರಬೇಡಿ. ಜಪಾನಿನ ಅಂಗಡಿಗಳಲ್ಲಿ ಅದರ ಅರ್ಥ ‘ಪರೀಕ್ಷಿಸಿಲ್ಲ, ವಾಪಸು ತೆಗೆದುಕೊಳ್ಳುವುದಿಲ್ಲ’ ಎಂದಷ್ಟೇ; ಹಾಗೆ ಮಾರಾಟವಾಗುವ ಯಂತ್ರಗಳಲ್ಲಿ ಸಣ್ಣ ರಿಪೇರಿಗೆ ಸರಿಹೋಗುವಂಥವು ಬಹಳ ಇರುತ್ತವೆ. ಆದರೆ ನೇರವಾಗಿ ಪ್ಲಗ್ಗಿಗೆ ಮಾತ್ರ ಖಂಡಿತ ಹಾಕಬೇಡಿ. ಜಪಾನಿನ ಮನೆಗಳಿಗೆ ಬರುವುದು 100 ವೋಲ್ಟ್, ನಮ್ಮಲ್ಲಿ 230. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರುಗಳು ಅಮೆರಿಕದ ಸಾಮಾನಿಗಾಗಿ 110 ವೋಲ್ಟ್ ಕೊಡುವಂಥವು. ಅದರಲ್ಲಿಯೂ ಯಂತ್ರ ನಡೆಯಬಹುದು, ಆದರೆ ಒಳಗಿನ ವಿದ್ಯುತ್ ಭಾಗಗಳು ಅನವಶ್ಯಕವಾಗಿ ಬಿಸಿಯಾಗುತ್ತವೆ. ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರಲ್ಲಿ 100 ವೋಲ್ಟಿನದನ್ನೇ, ಒಳಬರುವ ಮತ್ತು ಹೊರಹೋಗುವ ಸುರುಳಿಗಳು ಪ್ರತ್ಯೇಕವಾಗಿರುವಂತೆ ಹೇಳಿ ಮಾಡಿಸಿಕೊಳ್ಳಿ. ಒಂದೇ ಸುರುಳಿಯ ಆಟೋ ಟ್ರಾನ್ಸ್‌ಫಾರ್ಮರ್ ಅಗ್ಗವಾದರೂ, ಅದರಲ್ಲಿ ಎಲ್ಲಿಯಾದರೂ ತಂತಿ ಕಡಿದರೆ ಪೂರ್ತಿ 230 ವೋಲ್ಟ್ ಯಂತ್ರದೊಳಕ್ಕೆ ನುಗ್ಗುವ ಅಪಾಯವಿದೆ. ನಮ್ಮ 50 ಹರ್ಟ್ಸ್ ಬಗ್ಗೆ ಚಿಂತೆ ಬೇಡ. ಟೋಕಿಯೊ, ಯೊಕೊಹಾಮಾ ಇರುವ ಪೂರ್ವ ಜಪಾನಿನಲ್ಲಿ 50 ಹರ್ಟ್ಸ್, ಒಸಾಕಾ ಇರುವ ಪಶ್ಚಿಮದಲ್ಲಿ 60 ಹರ್ಟ್ಸ್ ಇರುವುದರಿಂದ ಅಲ್ಲಿನ ಮನೆಬಳಕೆಯ ಇಂಥ ಯಂತ್ರಗಳು ಎರಡಕ್ಕೂ ಒಗ್ಗುವಂತೆ ತಯಾರಾಗಿವೆ.

ಎರಡನೆಯದು ಫ್ಲಾಪಿ ಡ್ರೈವ್. 1989ರ ಈ ಮಾದರಿಯಲ್ಲಿ ಡಿಸ್ಕನ್ನು ತಿರುಗಿಸುವುದು ಒಂದು ತೆಳ್ಳಗಿನ ರಬ್ಬರ್ ಬೆಲ್ಟ್. ಮೂವತ್ತು ವರ್ಷ ದಾಟಿದ ಆ ಬೆಲ್ಟ್ ಒಂದೋ ಸಡಿಲಾಗಿರುತ್ತದೆ, ಇಲ್ಲವೇ ಕರಗಿ ಡಾಂಬರಿನಂತೆ ಚಕ್ರಕ್ಕೆ ಅಂಟಿಕೊಂಡಿರುತ್ತದೆ. ‘ಡ್ರೈವ್ ಕೆಟ್ಟಿದೆ’ ಎಂದು ಬದಿಗಿಟ್ಟ ಪ್ಯಾನಾಸೋನಿಕ್ ಯಂತ್ರಗಳಲ್ಲಿ ಹೆಚ್ಚಿನವುಗಳ ರೋಗ ಇದೊಂದೇ. ಡ್ರೈವನ್ನು ಹೊರತೆಗೆದು ಮಗುಚಿದರೆ ಮೋಟಾರಿನ ಸಣ್ಣ ರಾಟೆಯೂ ದೊಡ್ಡ ಚಕ್ರವೂ ಕಾಣುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಕಪ್ಪು ಅಂಟು ಒಂದಿಷ್ಟೂ ಉಳಿಯದಂತೆ, ಮುಖ್ಯವಾಗಿ ರಾಟೆಯ ಮೈಯಿಂದ, ಒರೆಸಿ ತೆಗೆಯಿರಿ. ಉಳಿದರೆ ಹೊಸ ಬೆಲ್ಟ್ ಅಲ್ಲಿಯೇ ಜಿಗಿದು ವೇಗ ಏರುಪೇರಾಗುತ್ತದೆ. ಡಿಸ್ಕ್ ನಿಮಿಷಕ್ಕೆ 300 ಸುತ್ತು ತಿರುಗಬೇಕು. ಹೀಗಾಗಿ ಕೈಗೆ ಸಿಕ್ಕ ರಬ್ಬರ್ ಬ್ಯಾಂಡ್ ಹಾಕಿ ಕೆಲಸ ನಡೆಸುವ ಯೋಚನೆ ಬೇಡ. ಡ್ರೈವಿನ ಮಾದರಿ ಸಂಖ್ಯೆ ನೋಡಿ ಅದೇ ಅಳತೆಯ ಚಪ್ಪಟೆ ಬೆಲ್ಟ್ ತರಿಸಿಕೊಳ್ಳಿ. ಡ್ರೈವ್ ತೆರೆದಿರುವಾಗಲೇ ಡಿಸ್ಕನ್ನು ಓದುವ ಹೆಡ್ ಓಡಾಡುವ ಕಂಬಿಯ ಮೇಲೆ ಗಟ್ಟಿಯಾಗಿರುವ ಗ್ರೀಸನ್ನು ಒರೆಸಿ, ಹೊಸದಾಗಿ ತುಸು ಹಚ್ಚಿ. ಮೇಲಿನ ಹೆಡ್ಡನ್ನು ಬೆರಳಿನಿಂದ ಎತ್ತಿದರೆ ಅದರ ತೆಳು ಪಟ್ಟಿ ಬಾಗಿ, ಡ್ರೈವ್ ಮತ್ತೆ ಓದದೇ ಹೋಗಬಹುದು. ಮೊದಲ ಪರೀಕ್ಷೆಗೆ ತಮ್ಮನು ತಂದ ಮೂಲ ಡಿಸ್ಕನ್ನು ಬಳಸದೆ, ಕಳೆದುಹೋದರೂ ಪರವಾಗಿಲ್ಲ ಎನ್ನುವಂಥದ್ದನ್ನು ಹಾಕಿ.

ಮೂರನೆಯದು ಬೋರ್ಡಿನ ಮೇಲೆ ಅಂಟಿಕೊಂಡಂತೆ ಕೂರಿಸಿರುವ ಸಣ್ಣ ಅಲ್ಯುಮಿನಿಯಂ ಕೆಪಾಸಿಟರುಗಳು. ಎಂಬತ್ತರ ದಶಕದ ಕೊನೆಯ ಇವುಗಳ ಬುಡದಿಂದ ದ್ರವ ಒಸರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಶಬ್ದ ಕ್ಷೀಣವಾಗಿ ಕೇಳುವುದು, ಚಿತ್ರ ಮಂಕಾಗುವುದು ಇದರ ಲಕ್ಷಣ. ಬೆಸುಗೆ ಹಾಕುವ ಕಾವಿ (ಸೋಲ್ಡರಿಂಗ್ ಐರನ್) ತಾಗಿದಾಗ ಹಳಸಿದ ಮೀನಿನ ವಾಸನೆ ಬಂದರೆ ಅನುಮಾನವೇ ಬೇಡ. ಇವನ್ನು ತೆಗೆಯಲು ಎರಡು ಕಡೆಯಿಂದ ಎರಡು ಕಾವಿಗಳನ್ನು ಒಟ್ಟಿಗೆ ಹಿಡಿದು ಬೆಸುಗೆ ಕರಗಿಸುವುದು ಕ್ಷೇಮ. ಎಳೆದರೆ ಕೆಳಗಿನ ತಾಮ್ರವೂ ಕಿತ್ತು ಬರುತ್ತದೆ. ಹೊಸದು ಅದೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿ ತಾಳುವಂಥದ್ದಾಗಿರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವು ಸಿಗುತ್ತವೆ, ಆದರೆ ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ದಾಸ್ತಾನು ಬೇಡವೆಂದು ಕೇಳಿಯೇ ಕೊಳ್ಳಿ.

ಇಷ್ಟಾದ ಮೇಲೆ ಮೆಮೊರಿಯ ಮಾತು. ಇಲ್ಲಿ ನನ್ನ ಅಭಿಪ್ರಾಯ ಖಚಿತ: ಯಂತ್ರದ ಒಳಗೆ ಏನನ್ನೂ ಕತ್ತರಿಸಬೇಡಿ. 1983ರಲ್ಲಿ ಜಪಾನಿನ ಆಸ್ಕಿ ಕಂಪನಿಯ ಕಝುಹಿಕೊ ನಿಶಿ ಮೈಕ್ರೊಸಾಫ್ಟ್ ಜೊತೆಗೂಡಿ ಎಂಎಸ್‌ಎಕ್ಸ್ ಮಾನದಂಡವನ್ನು ಪ್ರಕಟಿಸಿದಾಗಲೇ, ಯಾವ ಕಂಪನಿಯ ಯಂತ್ರಕ್ಕಾದರೂ ಒಂದೇ ಬಗೆಯ ಕಾರ್ಟ್ರಿಜ್ ಹೊಂದಬೇಕೆಂದು ನಿಯಮವಾಯಿತು. ಆ ಕಾರ್ಟ್ರಿಜ್ ಕಿಂಡಿಯ ಮೂಲಕವೇ ಇಂದಿನ ಎಲ್ಲ ಸೌಲಭ್ಯಗಳನ್ನೂ ಸೇರಿಸಬಹುದು, ಬೇಡವಾದ ದಿನ ಕಳಚಿಡಬಹುದು. ನಿಮ್ಮ ಯಂತ್ರದಲ್ಲಿರುವುದು 64 ಕೆಬಿ ಮೆಮೊರಿ ಮತ್ತು 128 ಕೆಬಿ ವಿಡಿಯೊ ಮೆಮೊರಿ. ಫೋಲ್ಡರುಗಳನ್ನು ಬಲ್ಲ ಕಾರ್ಯಾಚರಣ ವ್ಯವಸ್ಥೆಯಾದ ಎಂಎಸ್‌ಎಕ್ಸ್-ಡಾಸ್ 2ಕ್ಕೆ ಕನಿಷ್ಠ 128 ಕೆಬಿ ಬೇಕು. ಅದರಿಂದಲೇ ಬೆಳೆದ, ಫ್ಯಾಟ್16 ಎಂಬ ರೀತಿಯಲ್ಲಿ ಸಿದ್ಧಪಡಿಸಿದ ಡಿಸ್ಕ್ ವಿಭಾಗಗಳನ್ನು ಓದುವ ನೆಕ್ಸ್ಟರ್ ವ್ಯವಸ್ಥೆಯ ಅಗತ್ಯವೂ ಅಷ್ಟೇ. ಆದ್ದರಿಂದ ಕಾರ್ನಿವೋರ್2 ಅಥವಾ ಮೆಗಾಫ್ಲ್ಯಾಶ್‌ರೋಮ್ ಎಸ್‌ಸಿಸಿ+ ಎಸ್‌ಡಿಯಂತಹ ಕಾರ್ಟ್ರಿಜ್ ಕೊಳ್ಳುವಾಗ ಮೆಮೊರಿಯೂ ಒಳಗೊಂಡ ಆವೃತ್ತಿಯನ್ನೇ ಆರಿಸಿ. ಮೆಮೊರಿ ಕಾರ್ಡ್ ಓದುವ ಸೌಲಭ್ಯ ಮಾತ್ರ ಇದ್ದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಇನ್ನು, ನಿಮ್ಮ ಯಂತ್ರದಲ್ಲಿ ಬಳಸದೇ ಉಳಿದಿರಬಹುದಾದ ಒಂದು ಗುಣವಿದೆ: 3.58 ಮೆಗಾಹರ್ಟ್ಸಿನ ಝಡ್80 ಪ್ರೊಸೆಸರನ್ನು 5.37ಕ್ಕೆ ಏರಿಸಬಹುದು. ಯಂತ್ರದಲ್ಲೇ ಇರುವ ಬೇಸಿಕ್ ಭಾಷೆಯಲ್ಲಿ OUT ಆದೇಶದಿಂದ ಹೆಕ್ಸ್ (ಹದಿನಾರರ ಎಣಿಕೆಯ) 40ರ ಪೋರ್ಟಿಗೆ 8, ಆನಂತರ ಹೆಕ್ಸ್ 41ರ ಪೋರ್ಟಿಗೆ 0 ಕಳುಹಿಸಿದರೆ ಸಾಕು. 41ಕ್ಕೆ 1 ಕಳುಹಿಸಿದರೆ ಹಳೆಯ ವೇಗಕ್ಕೆ ಮರಳುತ್ತದೆ. ಇದಕ್ಕೆ ಕಾಸೂ ಬೇಡ, ಕಾವಿಯೂ ಬೇಡ.

ಪ್ರಶ್ನೆ: ಫ್ಲಾಪಿ ಡ್ರೈವಿನ ಬದಲು ಪೆನ್ ಡ್ರೈವ್ ಸಿಕ್ಕಿಸುವ ಗೋಟೆಕ್ ಸಾಧನವನ್ನು ಎಂಎಸ್‌ಎಕ್ಸ್‌ಗೆ ಹಾಕಿದೆ. ದೀಪ ಉರಿಯುತ್ತದೆ, ಆದರೆ ಡಿಸ್ಕ್ ಇಲ್ಲ ಎಂದೇ ಹೇಳುತ್ತದೆ. – ಓದುಗರು, ಹುಬ್ಬಳ್ಳಿ

ಉತ್ತರ: ಗೋಟೆಕ್ ಪಿಸಿಯ ರೂಢಿಗೆ ತಕ್ಕಂತೆ ಬಂದಿರುತ್ತದೆ. ಪಿಸಿಯ ಡ್ರೈವ್ 34ನೇ ಪಿನ್ನಿನಲ್ಲಿ ‘ಡಿಸ್ಕ್ ಬದಲಾಗಿದೆ’ ಎಂದು ತಿಳಿಸಿದರೆ, ಈ ಕಾಲದ ಎಂಎಸ್‌ಎಕ್ಸ್ ಯಂತ್ರಗಳು ಬಹುಮಟ್ಟಿಗೆ ಅದೇ ಪಿನ್ನಿನಲ್ಲಿ ‘ಡಿಸ್ಕ್ ಸಿದ್ಧವಿದೆ’ ಎಂಬ ಸೂಚನೆಗೆ ಕಾಯುತ್ತವೆ. ಫ್ಲ್ಯಾಶ್‌ಫ್ಲಾಪಿ ಎಂಬ ಉಚಿತ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಹಾಕಿ, ಅದರ ಸೆಟ್ಟಿಂಗನ್ನು ಈ ‘ಸಿದ್ಧವಿದೆ’ ಸೂಚನೆ ಕೊಡುವ ಶುಗಾರ್ಟ್ ರೀತಿಗೆ ಬದಲಿಸಿ, ಡ್ರೈವ್ ಆಯ್ಕೆಯ ಜಂಪರನ್ನು 0ಗೆ ಇಡಿ. ಡಿಸ್ಕ್ ಕಡತದ ಗಾತ್ರ ಸರಿಯಾಗಿ 7,37,280 ಬೈಟ್ ಇದೆಯೇ ಎಂದೂ ನೋಡಿಕೊಳ್ಳಿ: 80 ಪಥ (ಟ್ರ್ಯಾಕ್), ಎರಡು ಮುಖ, ಪಥಕ್ಕೆ 9 ಸೆಕ್ಟರ್, ಸೆಕ್ಟರಿಗೆ 512 ಬೈಟ್.

ಪ್ರಶ್ನೆ: ನನ್ನ ಬಳಿ ಜಪಾನಿನದೇ ಇನ್ನೊಂದು ಹಳೆಯ ಕಂಪ್ಯೂಟರ್, ಶಾರ್ಪ್ ಎಕ್ಸ್68000ರ ಮೊದಲ ಮಾದರಿ ಇದೆ. ಸರಿಯಾದ ವೋಲ್ಟೇಜ್ ಕೊಟ್ಟರೂ ಕೆಂಪು ದೀಪ ಉರಿದು ಸುಮ್ಮನಾಗುತ್ತದೆ. ಆನ್ ಮಾಡುತ್ತಾ ಹೋದರೆ ಎಂದಾದರೂ ಎದ್ದೀತೇ? – ಓದುಗರು, ಬೆಂಗಳೂರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. 1987ರ ಈ ಯಂತ್ರದ ಪವರ್ ಸಪ್ಲೈ ಸೋರುವುದಕ್ಕೇ ಹೆಸರುವಾಸಿ. ದ್ರವ ಬೋರ್ಡಿನ ಮೇಲೆ ಹರಡಿದ ಮೇಲೆ ಅದು ವಿದ್ಯುತ್ತನ್ನು ಹೋಗಬಾರದ ಕಡೆ ಹರಿಸುತ್ತದೆ. ಪ್ರತಿ ಸಲ ಆನ್ ಮಾಡಿದಾಗಲೂ ಮುಖ್ಯ ಬೋರ್ಡಿಗೆ ತಪ್ಪು ವೋಲ್ಟೇಜ್ ತಲುಪುವ ಸಂಭವವಿರುತ್ತದೆ. ಸಪ್ಲೈಯನ್ನು ಯಂತ್ರದಿಂದ ಪೂರ್ತಿ ಬೇರ್ಪಡಿಸಿ ರಿಪೇರಿ ಮಾಡಿಸಿ, ಅಥವಾ ಅದರ ಜಾಗಕ್ಕೆ ಹೊಸ ಸಪ್ಲೈ ಬೋರ್ಡ್ ಹಾಕಿಸಿ. ತೆರೆಯುವ ಮುನ್ನ ಪ್ಲಗ್ ಕಿತ್ತು ಕಾಯಿರಿ, ಆಮೇಲೂ ಮೀಟರ್ ಹಿಡಿದು ನೋಡಿ. 100 ವೋಲ್ಟಿನ ಯಂತ್ರದಲ್ಲಿಯೇ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 140 ವೋಲ್ಟ್ ಡಿಸಿ ನಿಂತಿರುತ್ತದೆ.

ಯಂತ್ರ ಸರಿಹೋದ ಮೇಲೆ ಹಾರ್ಡ್ ಡಿಸ್ಕ್ ಜೋಡಿಸುವ ಮನಸ್ಸಿದ್ದರೆ, 1990ರ ಸೂಪರ್ ಮಾದರಿಯಿಂದ ಈಚೆಗೆ ಅದಕ್ಕೆ ಸ್ಕಸಿ ಎಂಬ ಸಂಪರ್ಕ ವ್ಯವಸ್ಥೆ ಇದೆ, ಅದಕ್ಕೆ ಬ್ಲೂಸ್ಕಸಿಯಂತಹ ಎಸ್‌ಡಿ ಕಾರ್ಡ್ ಸಾಧನ ಹಾಕಬಹುದು. ನಿಮ್ಮ ಹಳೆಯ ಮಾದರಿಯಲ್ಲಿರುವುದು ಅದಕ್ಕೂ ಹಿಂದಿನ ಸಾಸಿ. ಆದ್ದರಿಂದ ಕೊಳ್ಳುವ ಸಾಧನ ಸಾಸಿಯನ್ನು ಬೆಂಬಲಿಸುತ್ತದೆಯೇ ಎಂದು ಮೊದಲೇ ವಿಚಾರಿಸಿ. ಹ್ಯೂಮನ್68ಕೆ ಕಾರ್ಯಾಚರಣ ವ್ಯವಸ್ಥೆಯನ್ನು 2000ದಲ್ಲಿ ಉಚಿತವಾಗಿ ಹಂಚಲು ಒಪ್ಪಿಗೆ ದೊರೆತಿರುವುದರಿಂದ ಡಿಸ್ಕ್ ಇಲ್ಲವೆಂಬ ಕೊರಗು ಬೇಡ.

ಪ್ರಶ್ನೆ: ಎಂಎಸ್‌ಎಕ್ಸ್2+ನಲ್ಲಿ ಜಪಾನಿ ಬರಹದ ಕಾಂಜಿ ಅಕ್ಷರಗಳು ಬರುತ್ತವೆ. ಹಾಗೆಯೇ ಕನ್ನಡವನ್ನೂ ಮೂಡಿಸಬಹುದೇ? – ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಮೂಡಿಸಬಹುದು, ಆದರೆ ಕಾಂಜಿಯ ದಾರಿಯಲ್ಲಿ ಅಲ್ಲ. ಕಾಂಜಿಯ ಪ್ರತಿ ಅಕ್ಷರವೂ 16×16 ಚುಕ್ಕಿಗಳ ಚೌಕದಲ್ಲಿ ಸಿದ್ಧವಾಗಿ ರೋಮ್‌ನಲ್ಲಿ (ಅಳಿಸಲಾಗದ ಮೆಮೊರಿಯಲ್ಲಿ) ಕೂತಿದೆ. ಯಂತ್ರಕ್ಕೆ ಅದನ್ನು ಎತ್ತಿ ಇಡುವುದಷ್ಟೇ ಕೆಲಸ. ಕನ್ನಡದಲ್ಲಿ ಗುಣಿತವೂ ಒತ್ತಕ್ಷರವೂ ಸೇರಿ ಅಕ್ಷರದ ಆಕಾರವೇ ಬದಲಾಗುತ್ತದೆ. ಆಟಕ್ಕಾಗಿ ಆರಂಭಿಸುವುದಾದರೆ ಬೇಸಿಕ್‌ನ ಸ್ಕ್ರೀನ್ 1 ಎಂಬ ಪರದೆ ವಿಧದಲ್ಲಿ ವಿಪೋಕ್ (VPOKE) ಆದೇಶದಿಂದ ವಿಡಿಯೊ ಮೆಮೊರಿಯ 520ರಿಂದ 527ರವರೆಗಿನ ಎಂಟು ಬೈಟ್ ಬದಲಿಸಿ ನೋಡಿ: ಇಂಗ್ಲಿಷಿನ ಎ ಅಕ್ಷರದ ಸಂಕೇತ 65, ಅದರ ಎಂಟರಷ್ಟು 520. ಆ ಜಾಗದಲ್ಲಿ ‘ರ’ ಬರೆದರೆ ಚೆನ್ನಾಗಿಯೇ ಕಾಣುತ್ತದೆ. ‘ಸ್ತ್ರೀ’ ಬರೆಯಲು ಹೊರಟರೆ 8×8 ಚುಕ್ಕಿಗಳಲ್ಲಿ ತಲೆಯೂ ಉಳಿಯುವುದಿಲ್ಲ, ಒತ್ತೂ ಉಳಿಯುವುದಿಲ್ಲ.

ಓದಬಹುದಾದ ಕನ್ನಡಕ್ಕೆ 512×212 ಚುಕ್ಕಿಗಳ ಸ್ಕ್ರೀನ್ 7 ಆರಿಸಿಕೊಳ್ಳಿ. ಅಕ್ಷರಕ್ಕೆ 16 ಚುಕ್ಕಿ ಅಗಲ, ಒತ್ತಿಗೂ ಸೇರಿ 24 ಚುಕ್ಕಿ ಎತ್ತರ ಇಟ್ಟರೆ ಸಾಲಿಗೆ 32 ಅಕ್ಷರದಂತೆ ಎಂಟು ಸಾಲು ಹಿಡಿಯುತ್ತದೆ. ಮೂಲಾಕ್ಷರ, ಗುಣಿತದ ಚಿಹ್ನೆ, ಒತ್ತು ಮೂರನ್ನೂ ಪ್ರತ್ಯೇಕ ಚಿತ್ರಗಳಾಗಿ ಇಟ್ಟುಕೊಂಡು, ವಿಡಿಯೊ ಚಿಪ್ಪಿನ ನಕಲು ಆದೇಶದಿಂದ ಒಂದರ ಮೇಲೊಂದು ಕೂರಿಸುತ್ತಾ ಹೋಗುವುದು ಸರಿಯಾದ ವಿಧಾನ. ನೀವು ಇದನ್ನು ಮಾಡಿದರೆ ಪರದೆಯ ಚಿತ್ರವನ್ನು ಅಗತ್ಯವಾಗಿ ಕಳುಹಿಸಿ.

ಪ್ರಶ್ನೆ: ಹಳದಿಗಟ್ಟಿದ ಹೊರಕವಚವನ್ನು ಬಿಸಿಲಿನಲ್ಲಿ ಬಿಳಿ ಮಾಡುವುದು ಸರಿಯೇ? – ಓದುಗರು, ಮಂಗಳೂರು

ಉತ್ತರ: ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬಣ್ಣ ತಿಳಿಯಾಗುವುದು ನಿಜ, ಆದರೆ ದ್ರಾವಣ ಅಲ್ಲಲ್ಲಿ ಒಣಗಿದರೆ ಮತ್ತೆಂದೂ ಹೋಗದ ಪಟ್ಟೆಗಳು ಮೂಡುತ್ತವೆ, ಕೆಲವು ವರ್ಷಗಳಲ್ಲಿ ಹಳದಿಯೂ ಮರಳಬಹುದು. ಮಾಡಲೇಬೇಕೆಂದಿದ್ದರೆ ಕವಚವನ್ನು ದ್ರಾವಣದಲ್ಲಿ ಪೂರ್ತಿ ಮುಳುಗಿಸಿಡಿ, ಕೈಗವಸು ಮತ್ತು ಕನ್ನಡಕ ಹಾಕಿಕೊಳ್ಳಿ, ಕಂಪನಿಯ ಹೆಸರಿನ ಲೋಹದ ಪಟ್ಟಿಯನ್ನು ಮೊದಲೇ ಬಿಡಿಸಿಡಿ. ನಾನಾದರೆ ಸಾಬೂನು ನೀರಿನಲ್ಲಿ ತೊಳೆದು, ಹಳದಿಯನ್ನು ಹಾಗೆಯೇ ಬಿಡುತ್ತೇನೆ.